ಒಂದು ಗಂಟೆಯ ಬೆಂಗಳೂರಿಗೆ ನನಗೆ ಹಿಡಿದದ್ದು ಎಂಟು ಗಂಟೆ

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಮಂಗಳೂರು–ಬೆಂಗಳೂರು ವಿಮಾನದ ಬಗ್ಗೆ ಒಂದು ಸುದ್ದಿ ಬಂದಿತ್ತು. ಮೇಲೆ ದಪ್ಪ ಅಕ್ಷರದಲ್ಲಿ ‘ಬೆಂಗಳೂರು ಇನ್ನು ಒಂದೇ ಗಂಟೆ’. ಪಕ್ಕದಲ್ಲಿ ಒಂದು ಸಣ್ಣ ಚೌಕ. ಅದರೊಳಗೆ ‘ವಿಮಾನ ದೂರ: 352 ಕಿ.ಮೀ. ಅವಧಿ: 1 ಗಂಟೆ’ ಎಂದು ಅಚ್ಚಾಗಿತ್ತು. ನಾನು 34 ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು. ಲೆಕ್ಕ ತಪ್ಪಿದ್ದು ಕಣ್ಣಿಗೆ ಬಿದ್ದರೆ ಕೈ ಸುಮ್ನೆ ಕೂರುವುದಿಲ್ಲ. ಕೆಂಪು ಪೆನ್ನು ತೆಗೆದು ಎರಡೂ ಸಂಖ್ಯೆಗೆ ಗೆರೆ ಎಳೆದೆ. ಕಾಫಿ ತಂದಿಟ್ಟ ಮನೆಯವಳು “ರಿಟೈರ್ ಆಗಿ ಒಂಬತ್ತು ವರ್ಷ ಆಯ್ತು, ಇನ್ನು ಪೇಪರಿಗೂ ಮಾರ್ಕು ಹಾಕ್ತೀರಾ?” ಎಂದಳು. ಹಾಕಲೇಬೇಕಾದ ಕಾರಣ ಇದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಪಕ್ಕದ ತೋಟದವರು ಹೋದ ಡಿಸೆಂಬರಿನಲ್ಲಿ ತಮ್ಮ ತಾಯಿಯನ್ನು ಕಣ್ಣಿನ ಪರೀಕ್ಷೆಗೆ ಬೆಂಗಳೂರಿಗೆ ಕರೆದುಕೊಂಡು ಹೋದರು. ಇಂಥದ್ದೇ ಒಂದು ‘ಒಂದು ಗಂಟೆ’ಯನ್ನು ಎಲ್ಲೋ ಓದಿ ನಂಬಿಕೊಂಡಿದ್ದರು. ಆಸ್ಪತ್ರೆಯಲ್ಲಿ 10.30ಕ್ಕೆ ಸಮಯ ಕೊಟ್ಟಿದ್ದರು. ಬೆಳಗಿನ ವಿಮಾನ 9.20ಕ್ಕೆ ಇಳಿಯಿತು. ಇನ್ನೂ ಒಂದು ಗಂಟೆ ಹತ್ತು ನಿಮಿಷ ಕೈಯಲ್ಲಿದೆ, ತಿಂಡಿ ತಿಂದೇ ಹೋಗಬಹುದು ಎಂದುಕೊಂಡರಂತೆ. ಆಸ್ಪತ್ರೆ ಇರುವುದು ಊರಿನ ದಕ್ಷಿಣದ ತುದಿಯಲ್ಲಿ, ವಿಮಾನ ಇಳಿಯುವುದು ದೇವನಹಳ್ಳಿಯ ಹತ್ತಿರ. ಅದು ಸೋಮವಾರ ಬೇರೆ. ಅವರು ಮುಟ್ಟಿದ್ದು 12.10ಕ್ಕೆ. ಡಾಕ್ಟರು ಆಪರೇಷನ್‌ಗೆ ಹೋಗಿ ಆಗಿತ್ತು, “ನಾಳೆ ಬನ್ನಿ” ಎಂದರು. ಎಪ್ಪತ್ತು ದಾಟಿದ ಹೆಂಗಸನ್ನು ಕಟ್ಟಿಕೊಂಡು ಲಾಡ್ಜ್ ಹುಡುಕಿ, ಒಂದು ರಾತ್ರಿ ಕಳೆದು, ಮರುದಿನ ತೋರಿಸಿ ಬಂದರು. ವಾಪಸ್ ಬಂದವರೇ ನಮ್ಮ ಜಗಲಿಯಲ್ಲಿ ಕೂತು ಕೇಳಿದರು: “ಮಾಷ್ಟ್ರೇ, ಒಂದು ಗಂಟೆ ಅಂತ ಬರೀತಾರಲ್ಲ, ಅದು ಎಲ್ಲಿಂದ ಎಲ್ಲಿಗೆ?”

ಪ್ರಶ್ನೆ ಸರಿಯಾಗಿದೆ ಅಲ್ವಾ? ಉತ್ತರ ಕೊಡಬೇಕಾದವರು ಅದನ್ನು ಬರೆದವರು. ಆದರೂ ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲು ಸಣ್ಣ ತಪ್ಪು. 352 ಕಿಲೋಮೀಟರ್ ಎಂಬುದು ರಸ್ತೆಯ ದೂರ. ಶಿರಾಡಿ ಘಾಟಿಯಲ್ಲಿ ಸುತ್ತಿ ಸುತ್ತಿ ಹತ್ತಿ, ಸಕಲೇಶಪುರ, ಹಾಸನ ದಾಟಿ ಹೋಗುವ ಬಸ್ಸಿನ ದೂರ. ವಿಮಾನಕ್ಕೆ ಘಾಟಿಯ ತಿರುವು ಎಂತಕ್ಕೆ? ಇದನ್ನು ಒಂಬತ್ತನೇ ಕ್ಲಾಸಿನ ಮಕ್ಕಳೂ ಮಾಡಬಹುದು. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣ ಇರುವುದು ಉತ್ತರ ಅಕ್ಷಾಂಶ 12 ಡಿಗ್ರಿ 58 ನಿಮಿಷ, ಪೂರ್ವ ರೇಖಾಂಶ 74 ಡಿಗ್ರಿ 53 ನಿಮಿಷದಲ್ಲಿ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣ 13 ಡಿಗ್ರಿ 12 ನಿಮಿಷ, 77 ಡಿಗ್ರಿ 42 ನಿಮಿಷ. ಇಲ್ಲಿ ನಿಮಿಷ ಅಂದರೆ ಗಡಿಯಾರದ್ದಲ್ಲ, ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು. ಉತ್ತರಕ್ಕೆ ಬರೀ 14 ನಿಮಿಷದ ವ್ಯತ್ಯಾಸ. ಅಕ್ಷಾಂಶದ ಒಂದು ನಿಮಿಷ ಅಂದರೆ ಒಂದು ನಾಟಿಕಲ್ ಮೈಲಿ, 1.852 ಕಿಲೋಮೀಟರ್. ಹಾಗಾಗಿ 26 ಕಿಲೋಮೀಟರ್. ಪೂರ್ವಕ್ಕೆ 169 ನಿಮಿಷ. ರೇಖಾಂಶದ ಗೆರೆಗಳು ಧ್ರುವದ ಕಡೆಗೆ ಹೋದಂತೆ ಹತ್ತಿರ ಬರುತ್ತವೆ, ಆದ್ದರಿಂದ 13 ಡಿಗ್ರಿಯ ಕೊಸೈನಿನಿಂದ ಗುಣಿಸಬೇಕು. 305 ಕಿಲೋಮೀಟರ್ ಬರುತ್ತದೆ. ಇನ್ನು ಪೈಥಾಗೊರಸ್. 305ರ ವರ್ಗಕ್ಕೆ 26ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 306. ಉತ್ತರದ 26 ಕಿಲೋಮೀಟರ್ ಸೇರಿದ್ದಕ್ಕೆ ಒಟ್ಟು ದೂರ ಒಂದೇ ಕಿಲೋಮೀಟರ್ ಜಾಸ್ತಿ ಆಯಿತು ನೋಡಿ! ಇದನ್ನು ಬೋರ್ಡಿನ ಮೇಲೆ ತೋರಿಸಿದಾಗ ಮಕ್ಕಳು ನಂಬುತ್ತಿರಲಿಲ್ಲ. ಭೂಮಿ ಗುಂಡಗಿದೆ, ಚಪ್ಪಟೆ ಕಾಗದದ ಲೆಕ್ಕ ಸರಿಯೇ ಎಂದು ಯಾರಾದರೂ ಕೇಳಬಹುದು. ಇಷ್ಟು ಸಣ್ಣ ದೂರಕ್ಕೆ ಏನೂ ತೊಂದರೆ ಇಲ್ಲ.

ಒಟ್ಟಿನಲ್ಲಿ 306. ನಿಮ್ಮ ಚೌಕದಲ್ಲಿ 46 ಕಿಲೋಮೀಟರ್ ಹೆಚ್ಚಾಗಿ ಬಿದ್ದಿದೆ. ಅದು ನಮ್ಮ ಮನೆಯಿಂದ ಬಜ್ಪೆಗೆ ಇರುವ ದೂರಕ್ಕಿಂತ ಸ್ವಲ್ಪವೇ ಕಡಿಮೆ.

ದೊಡ್ಡ ತಪ್ಪು ಎರಡನೆಯದು, ಆ ‘1 ಗಂಟೆ’. ಅದಕ್ಕೆ ನನ್ನ ಡೈರಿಯ ಒಂದು ಪುಟವನ್ನೇ ಕೊಡುತ್ತೇನೆ. ನಮ್ಮ ಮನೆ ಬೆಳ್ತಂಗಡಿ ಪೇಟೆಯಿಂದ ಸ್ವಲ್ಪ ಒಳಗೆ. ಮಗಳ ಸಂಸಾರ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಜನವರಿಯ ಒಂದು ಗುರುವಾರ ಅಳಿಯ ವಿಮಾನದ ಟಿಕೆಟ್ ಮಾಡಿಸಿ ಕಳಿಸಿದ. “ಮಾವ, ಘಾಟಿಯಲ್ಲಿ ಬೆನ್ನು ಯಾಕೆ ನೋಯಿಸಿಕೊಳ್ತೀರಿ, ಒಂದು ಗಂಟೆಯಲ್ಲಿ ಬನ್ನಿ” ಎಂದ. ಅವನೂ ಪೇಪರು ಓದುತ್ತಾನೆ.

ಮನೆ ಬಿಟ್ಟದ್ದು ಬೆಳಿಗ್ಗೆ 9.40ಕ್ಕೆ. ಗುರುವಾಯನಕೆರೆ, ವೇಣೂರು, ಮೂಡುಬಿದಿರೆ ದಾಟಿ ಬಜ್ಪೆ ಮುಟ್ಟಿದಾಗ 11.15. ದೂರ ಸುಮಾರು 55 ಕಿಲೋಮೀಟರ್. ಟಿಕೆಟ್ಟಿನಲ್ಲಿ ಹೊರಡುವ ಸಮಯ 1.05. ಕೌಂಟರನ್ನು ಒಂದು ಗಂಟೆ ಮುಂಚೆಯೇ ಮುಚ್ಚುತ್ತಾರೆ, ಎರಡು ಗಂಟೆ ಮುಂಚೆ ಬನ್ನಿ ಎನ್ನುತ್ತಾರೆ. ನಾನು ಮಾಷ್ಟ್ರು, ಎರಡು ಗಂಟೆ ಅಂದರೆ ಎರಡು ಗಂಟೆಯೇ. ಹತ್ತು ನಿಮಿಷ ತಡವಾದದ್ದಕ್ಕೆ ದಾರಿಯುದ್ದ ಡ್ರೈವರಿಗೆ ಹೇಳುತ್ತಾ ಬಂದಿದ್ದೆ. ಅಲ್ಲಿ ನೋಡಿದರೆ ಕೌಂಟರಿನಲ್ಲಿ ನನ್ನ ಮುಂದೆ ಇದ್ದದ್ದು ಮೂರು ಜನ!

ನಮ್ಮ ರಟ್ಟಿನ ಪೆಟ್ಟಿಗೆಯಲ್ಲಿ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಒಂದಿಷ್ಟು ಸುಲಿದ ಅಡಿಕೆ, ನಾಲ್ಕು ಕೊಬ್ಬರಿ ಇತ್ತು. ಸ್ವಲ್ಪ ಹೊತ್ತಿಗೆ ನನ್ನ ಹೆಸರು ಕೂಗಿದರು. ಕೊಬ್ಬರಿ ಹಾಕುವ ಹಾಗಿಲ್ಲವಂತೆ. ಎಣ್ಣೆ ಪದಾರ್ಥ, ತಾನೇ ಬಿಸಿಯಾಗಿ ಬೆಂಕಿ ಹಿಡಿಯಬಹುದು ಎಂದು ನಿಯಮ. ನಿಯಮ ಸರಿಯೇ ಇದೆ. ರಾಶಿ ಹಾಕಿದ ಕೊಬ್ಬರಿ ಒಳಗೊಳಗೇ ಬಿಸಿಯಾಗುವುದು ಎಣ್ಣೆ ಗಾಣದವರಿಗೆ ಗೊತ್ತು. ಆದರೆ ಹಗ್ಗ ಕಟ್ಟಿದ ಪೆಟ್ಟಿಗೆಯನ್ನು ಜನರ ಎದುರು ಬಿಚ್ಚಿ, ಕೊಬ್ಬರಿ ತೆಗೆದು, ಮತ್ತೆ ಕಟ್ಟುವುದಕ್ಕೆ 12 ನಿಮಿಷ ಹಿಡಿಯಿತು. ಆ ನಾಲ್ಕು ಕೊಬ್ಬರಿ ನಮ್ಮ ಕಾರಿನ ಡ್ರೈವರ್ ಮನೆಗೆ ಹೋದವು.

ವಿಮಾನ ನಿಂತಲ್ಲಿಂದ ಅಲುಗಾಡಿದ್ದು 1.12ಕ್ಕೆ. ನೆಲ ಬಿಟ್ಟದ್ದು 1.24ಕ್ಕೆ. ಕೆಂಪೇಗೌಡ ನಿಲ್ದಾಣದ ನೆಲಕ್ಕೆ ಚಕ್ರ ತಾಗಿದ್ದು 2.04ಕ್ಕೆ. ನಲವತ್ತು ನಿಮಿಷ. ಅಲ್ಲಿಂದ ಉರುಳಿ ಉರುಳಿ ತನ್ನ ಜಾಗಕ್ಕೆ ಬಂದು ನಿಂತಾಗ 2.18. ನಾನು ಹೊರಬಿದ್ದದ್ದು 2.30. ಪೆಟ್ಟಿಗೆ ಬೆಲ್ಟಿನ ಮೇಲೆ ಬಂದದ್ದು 2.50. ವಾಯುವಜ್ರ ಬಸ್ಸು ಹೊರಟದ್ದು 3.15. ಹೆಬ್ಬಾಳದಲ್ಲಿ ನಿಂತು, ಸಿಲ್ಕ್ ಬೋರ್ಡಿನಲ್ಲಿ ಇನ್ನೂ ಜಾಸ್ತಿ ನಿಂತು, ಎಲೆಕ್ಟ್ರಾನಿಕ್ ಸಿಟಿ 5.20. ಮಗಳ ಮನೆಯ ಗಂಟೆ ಒತ್ತಿದ್ದು 5.40.

ಬೆಳಿಗ್ಗೆ 9.40, ಸಂಜೆ 5.40. ಎಂಟು ಗಂಟೆ, ಅಂದರೆ 480 ನಿಮಿಷ. ಆಕಾಶದಲ್ಲಿ ಇದ್ದದ್ದು ಅದರ ಹನ್ನೆರಡರಲ್ಲಿ ಒಂದು ಪಾಲು. ಈ ಕಡೆ 55, ಆಕಾಶದಲ್ಲಿ 306, ಆ ಕಡೆ ಇನ್ನೊಂದು 55. ಒಟ್ಟು 416 ಕಿಲೋಮೀಟರನ್ನು ಎಂಟರಿಂದ ಭಾಗಿಸಿದರೆ ಗಂಟೆಗೆ 52 ಕಿಲೋಮೀಟರ್. ನಮ್ಮ ಗುರುವಾಯನಕೆರೆಯ ಸರ್ವಿಸ್ ಜೀಪು ರಸ್ತೆ ಚೆನ್ನಾಗಿದ್ದಲ್ಲಿ ಇದೇ ವೇಗದಲ್ಲಿ ಹೋಗುತ್ತದೆ.

ಅದೇ ಊರಿಗೆ ನಾನು ಯಾವಾಗಲೂ ಹೋಗುವುದು ಧರ್ಮಸ್ಥಳದ ರಾತ್ರಿ ಬಸ್ಸಿನಲ್ಲಿ. 9.30ಕ್ಕೆ ಊಟ ಮುಗಿಸಿ ಮನೆ ಬಿಟ್ಟು, ಉಜಿರೆಯಲ್ಲಿ ಹತ್ತಿ ಮಲಗಿದರೆ ಬೆಳಗಿನ ಜಾವ ಮೆಜೆಸ್ಟಿಕ್. 6.30ಕ್ಕೆ ಮಗಳ ಮನೆಯಲ್ಲಿ ಕಾಫಿ. ಒಂಬತ್ತು ಗಂಟೆ, ಅದರಲ್ಲಿ ಆರು ಗಂಟೆ ನಿದ್ದೆ. ಹಾಗಾಗಿ ವಿಮಾನದಿಂದ ನನಗೆ ಉಳಿದದ್ದು ಒಂದು ಗಂಟೆ. ನಿಮ್ಮ ತಲೆಬರಹದ ಒಂದು ಗಂಟೆಗೆ ಅರ್ಥ ಇದೇ ಆಗಿದ್ದರೆ, ಸಂಪಾದಕರೇ, ನಾನು ಹಾಕಿದ ಕೆಂಪು ಗೆರೆಯನ್ನು ಅಳಿಸಿಬಿಡುತ್ತೇನೆ.

ಈಗ ಒಂದು ತಮಾಷೆ. ನಕ್ಷೆಯಲ್ಲಿ ಬಜ್ಪೆಯಿಂದ ದೇವನಹಳ್ಳಿಗೆ ಸ್ಕೇಲು ಇಟ್ಟು ಗೆರೆ ಎಳೆಯಿರಿ. ಆ ಗೆರೆ ಹಾಸನದ ಸ್ವಲ್ಪ ಉತ್ತರಕ್ಕೆ ಹೋಗುತ್ತದೆ, ಕುಣಿಗಲ್ಲಿಗೂ ತುಮಕೂರಿಗೂ ನಡುವೆ ನುಸುಳಿ ನೆಲಮಂಗಲದ ಮೇಲ್ಗಡೆ ಹಾಯುತ್ತದೆ. ಅದಕ್ಕೂ ಮೊದಲು, ಘಟ್ಟದ ಬುಡದಲ್ಲಿ, ಸರಿಯಾಗಿ ಬೆಳ್ತಂಗಡಿಯ ನೆತ್ತಿಯ ಮೇಲೆ ಹೋಗುತ್ತದೆ! ಪೂರ್ವಕ್ಕೆ ಹೋಗಬೇಕಾದವನು ನಾನು. ಅದಕ್ಕಾಗಿ ಒಂದೂವರೆ ಗಂಟೆ ಪಶ್ಚಿಮಕ್ಕೆ ಹೋದೆ, ಎರಡು ಗಂಟೆ ಕೂತೆ, ಮತ್ತೆ ನಮ್ಮದೇ ತೋಟದ ಮೇಲೆ ಹಾರಿ ಹೋದೆ.

ಹೊರಡುವ ಮುಂಚೆ ಮನೆಯವಳಿಗೆ ಹೇಳಿದ್ದೆ, “ಒಂದೂವರೆಗೆ ಅಂಗಳಕ್ಕೆ ಬಾ, ಮೇಲೆ ನಾನು ಹೋಗ್ತಾ ಇರ್ತೇನೆ” ಎಂದು. ಅಡಿಕೆ ಒಣಗುವ ಕಾಲ, ಹೇಗೂ ಅವಳು ಅಂಗಳದಲ್ಲೇ ಇರುತ್ತಾಳೆ. ರಾತ್ರಿ ಫೋನಿನಲ್ಲಿ ಕೇಳಿದರೆ, “ಎಂತ ವಿಮಾನವೂ ಬರಲಿಲ್ಲ. ಆ ಬದಿಯಲ್ಲಿ ಎಲ್ಲೋ ಸದ್ದು ಕೇಳಿತು. ನಾನು ಕಾಗೆ ಓಡಿಸ್ತಾ ಇದ್ದೆ” ಎಂದಳು. ಸ್ಕೇಲಿನ ಗೆರೆಯ ಮೇಲೆ ವಿಮಾನ ಹೋಗುವುದಿಲ್ಲ ಎಂಬುದು ನನಗೆ ಆಮೇಲೆ ಅರ್ಥವಾಯಿತು.

ಅದಕ್ಕೆ ಗಾಳಿ ಕಾರಣ. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ನಮ್ಮ ಕಡೆ ಚಳಿಗಾಲದ ದಿನಗಳಲ್ಲಿ ಬೆಳಿಗ್ಗೆ ಘಟ್ಟದ ಕಡೆಯಿಂದ ಗಾಳಿ, ಮಧ್ಯಾಹ್ನದ ಮೇಲೆ ಕಡಲಿನ ಕಡೆಯಿಂದ. ತೆಂಗಿನ ಗರಿ ನೋಡಿದರೇ ತಿಳಿಯುತ್ತದೆ. ಬಜ್ಪೆಯ ರನ್‌ವೇಯ ಒಂದು ಮುಖ ಈಶಾನ್ಯಕ್ಕೆ, ಇನ್ನೊಂದು ನೈಋತ್ಯಕ್ಕೆ. ಹಾಗಾಗಿ ಮಧ್ಯಾಹ್ನದ ನನ್ನ ವಿಮಾನ ಕಡಲಿನ ಕಡೆಗೇ ಮುಖ ಮಾಡಿ ಹಾರಿತು. ಬೆಂಗಳೂರಿಗೆ ಹೋಗುವವನನ್ನು ಇನ್ನೂ ಪಶ್ಚಿಮಕ್ಕೆ! ಕಿಟಕಿಯಲ್ಲಿ ನೀರು ಕಂಡಿತು, ದೋಣಿ ಕಂಡಿತು, ಆಮೇಲೆ ರೆಕ್ಕೆ ಓರೆಯಾಗಿ ತಿರುಗಿತು. ಬೆಂಗಳೂರಿನ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ಜನವರಿಯಲ್ಲಿ ಅಲ್ಲಿ ಮೂಡಣ ಗಾಳಿ. ಪಶ್ಚಿಮದಿಂದ ಹೋದ ನಾವು ಸೀದಾ ಇಳಿದೆವು.

ವಾಪಸ್ ಬರುವಾಗ ಬೆಳಗಿನ ವಿಮಾನ. ಎಲ್ಲ ಉಲ್ಟಾ. ಬೆಂಗಳೂರಿನಲ್ಲಿ ಪೂರ್ವಕ್ಕೆ ಏರಿ, ಅರ್ಧ ಸುತ್ತು ಹೊಡೆದು ಪಶ್ಚಿಮಕ್ಕೆ ಬಂತು. ಮಂಗಳೂರಿಗೆ ಬಂದ ಮೇಲೆ ಊರು ದಾಟಿ ಕಡಲಿನ ಮೇಲೆ ಹೋಗಿ, ತಿರುಗಿ, ಆ ಕಡೆಯಿಂದ ಇಳಿಯಿತು. 49 ನಿಮಿಷ. ದೂರ ಅದೇ 306. ಹೋಗುವಾಗ 40, ಬರುವಾಗ 49. ಈ ಒಂಬತ್ತು ನಿಮಿಷದ ಬಗ್ಗೆ ನನ್ನ ತಕರಾರು ಇಲ್ಲ. ಬಜ್ಪೆ ಗುಡ್ಡದ ತಲೆ ಕಡಿದು ಮಾಡಿದ ನಿಲ್ದಾಣ. 2010ರ ಮೇ 22ರ ಬೆಳಿಗ್ಗೆ ಅಲ್ಲಿ 158 ಜನ ಹೋದದ್ದನ್ನು ನಮ್ಮ ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ. ಪೈಲಟ್ ಇನ್ನೂ ಹತ್ತು ನಿಮಿಷ ತೆಗೆದುಕೊಂಡು ಸರಿಯಾದ ಕಡೆಯಿಂದ ಇಳಿಸಲಿ ಮಾರಾಯ್ರೆ.

ಇನ್ನು ಟಿಕೆಟ್ಟಿನ ಸಮಯ. ನನ್ನ ಟಿಕೆಟ್ಟಿನಲ್ಲಿ 1.05ರಿಂದ 2.15 ಎಂದಿತ್ತು. ಒಂದು ಗಂಟೆ ಹತ್ತು ನಿಮಿಷ. ಹಾರಿದ್ದು ನಲವತ್ತೇ ನಿಮಿಷ. ಉಳಿದ ಮೂವತ್ತು ಎಲ್ಲಿ ಹೋಯಿತು? ಘಾಟಿಯಲ್ಲಿ ಲಾರಿ ನಿಂತ ಕೂಡಲೇ ಕ್ಲೀನರ್ ಹಾರಿ ಚಕ್ರಕ್ಕೆ ಕಲ್ಲು ಕೊಡುತ್ತಾನಲ್ಲ, ವಿಮಾನದ ಚಕ್ರಕ್ಕೂ ಹಾಗೇ ಒಂದು ತಡೆ ಕೊಟ್ಟಿರುತ್ತಾರೆ. ಆ ತಡೆ ತೆಗೆದ ಗಳಿಗೆಯಿಂದ ಮತ್ತೆ ತಡೆ ಕೊಡುವ ಗಳಿಗೆಯವರೆಗೆ ಟಿಕೆಟ್ಟಿನ ಸಮಯ. ನೆಲದ ಮೇಲೆ ಉರುಳುವುದು, ಸರತಿಯಲ್ಲಿ ನಿಲ್ಲುವುದು, ಜಾಗಕ್ಕೆ ಕಾಯುವುದು ಎಲ್ಲ ಅದರಲ್ಲೇ. ಅದರ ಮೇಲೆ ಕಂಪನಿಯವರು ಒಂದು ಮುಷ್ಟಿ ಜಾಸ್ತಿಯೇ ಹಾಕಿಡುತ್ತಾರೆ, ನೆಂಟರು ಬರುವ ದಿನ ಅನ್ನಕ್ಕೆ ಅಕ್ಕಿ ಹಾಕಿದ ಹಾಗೆ. ನಮ್ಮ ವಿಮಾನ ಹೊರಟದ್ದು ಏಳು ನಿಮಿಷ ತಡ, ನಿಂತದ್ದು ಬರೀ ಮೂರು ನಿಮಿಷ ತಡ. ಹದಿನೈದು ನಿಮಿಷದೊಳಗೆ ಬಂದರೆ ಅವರ ಲೆಕ್ಕದಲ್ಲಿ ಸಮಯಕ್ಕೆ ಸರಿಯಾಗಿ ಬಂದಂತೆ. ಹಾಜರಿ ಪುಸ್ತಕದಲ್ಲಿ ನನಗೂ ಇಂಥ ಅನುಕೂಲ ಇದ್ದಿದ್ದರೆ ಎಂದು ಅನ್ನಿಸಿತು.

ವಿಮಾನ ಗಂಟೆಗೆ 800 ಕಿಲೋಮೀಟರ್ ಹೋಗುತ್ತದೆ, 306ಕ್ಕೆ 23 ನಿಮಿಷ ಸಾಕಲ್ಲ ಎಂದು ಅಳಿಯ ವಾದ ಮಾಡಿದ. ಅದು ಮೇಲೆ ಹತ್ತಿ ಸಮವಾಗಿ ಹೋಗುವಾಗಿನ ವೇಗ. ಇಳಿಯಲು ಪೈಲಟ್‌ಗಳು ಹಾಕುವ ಒಂದು ಸರಳ ಲೆಕ್ಕ ಇದೆ. ಪ್ರತಿ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ. ಮೂವತ್ತು ಸಾವಿರ ಅಡಿಗೆ ಹತ್ತಿದರೆ ಇಳಿಯುವುದಕ್ಕೇ 90 ನಾಟಿಕಲ್ ಮೈಲಿ ಬೇಕು, ಅಂದರೆ 167 ಕಿಲೋಮೀಟರ್. ನಮ್ಮ ದಾರಿಯ ಅರ್ಧಕ್ಕಿಂತ ಜಾಸ್ತಿ ಇಳಿಯುವುದರಲ್ಲೇ ಹೋಯಿತು. ಹತ್ತಿ ಮುಗಿಯುವಷ್ಟರಲ್ಲಿ ಇಳಿಯೋದು ಶುರು. ಗಗನಸಖಿ ನೀರಿನ ಬಾಟಲಿ ಹಂಚಿ ಹಿಂದಿನ ಸಾಲು ಮುಟ್ಟುವಾಗಲೇ ಬೆಲ್ಟು ಹಾಕಿಕೊಳ್ಳಿ ಎಂದು ಹೇಳಿಯಾಗಿತ್ತು. ಈ 306 ಕಿಲೋಮೀಟರನ್ನು ನಿಜವಾಗಿ ಬೇಗ ದಾಟುವವನು ಸೂರ್ಯ ಒಬ್ಬನೇ. ರೇಖಾಂಶದ ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ, ಬೆಂಗಳೂರಿನ ನೆತ್ತಿಗೆ ಬಂದ ಹನ್ನೊಂದು ಚಿಲ್ಲರೆ ನಿಮಿಷಕ್ಕೆ ಬಜ್ಪೆಯ ನೆತ್ತಿಗೆ ಬರುತ್ತಾನೆ. ಅವನಿಗೆ ಕೌಂಟರ್ ಇಲ್ಲ, ಬೆಲ್ಟ್ ಇಲ್ಲ, ಹೆಬ್ಬಾಳ ಇಲ್ಲ.

ಇನ್ನೊಂದು ಮಾತು ಸೇರಿಸಲೇಬೇಕು. ಬಜ್ಪೆ ನಿಲ್ದಾಣ 1951ರ ಡಿಸೆಂಬರ್ 25ರಂದು ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದಾಗಿನಿಂದ ಅಲ್ಲೇ ಇದೆ. ರನ್‌ವೇ ಹೊಸತು ಬಂದಿದೆ, ಜಾಗ ಅದೇ. ಬೆಂಗಳೂರಿನ ನಿಲ್ದಾಣ ಹಾಗಲ್ಲ. 2008ರ ಮೇ 24ರಂದು ಊರೊಳಗಿನ ಎಚ್‌ಎಎಲ್ ನಿಲ್ದಾಣದಿಂದ ದೇವನಹಳ್ಳಿಗೆ ಹೋಯಿತು. ಬಜ್ಪೆಯಿಂದ ಲೆಕ್ಕ ಹಾಕಿದರೆ ಆಕಾಶದ ದೂರ ಜಾಸ್ತಿ ಆದದ್ದು ನಾಲ್ಕೈದು ಕಿಲೋಮೀಟರ್ ಮಾತ್ರ. ವಿಮಾನಕ್ಕೆ ಅದು ಅರ್ಧ ನಿಮಿಷ. ಆದರೆ ಎಲೆಕ್ಟ್ರಾನಿಕ್ ಸಿಟಿಯವರಿಗೆ 20 ಕಿಲೋಮೀಟರ್ ಹತ್ತಿರ ಇದ್ದ ನಿಲ್ದಾಣ 55 ಕಿಲೋಮೀಟರ್ ಆಯಿತು. ಯಲಹಂಕದವರಿಗೆ ಅದೇ ದಿನ ಲಾಟರಿ ಹೊಡೆಯಿತು. ಎರಡು ನಿಲ್ದಾಣಗಳ ನಡುವಿನ ದೂರ ಕೊಟ್ಟರೆ ಓದುಗನಿಗೆ ಇದು ಯಾವುದೂ ಕಾಣುವುದಿಲ್ಲ. ಹಳದಿ ಮೆಟ್ರೊ 2025ರ ಆಗಸ್ಟ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಬಂದಿದೆ, ಸಂತೋಷ. ವಿಮಾನ ನಿಲ್ದಾಣದ ಮೆಟ್ರೊ ಆದ ದಿನ ನನ್ನ ಲೆಕ್ಕವನ್ನು ಮತ್ತೆ ಮಾಡುತ್ತೇನೆ.

ನಾನು ವಿಮಾನದ ವಿರೋಧಿ ಎಂದು ದಯವಿಟ್ಟು ತಿಳಿಯಬೇಡಿ. 2024ರ ಜುಲೈ ಕೊನೆಯಲ್ಲಿ ಶಿರಾಡಿಯಲ್ಲಿ ಗುಡ್ಡ ಜಾರಿ ರಸ್ತೆ ಬಂದ್ ಆಯಿತು, ಎಡಕುಮೇರಿಯ ಹತ್ತಿರ ಹಳಿಯ ಅಡಿಯ ಮಣ್ಣು ಕುಸಿದು ರೈಲೂ ನಿಂತಿತು. ಆಗ ಎಂಟು ಗಂಟೆಯಾದರೂ ಸೈ, ವಿಮಾನವೇ ದೇವರು. ದೂರದ ಊರಿಗೂ ವಿಮಾನವೇ ಸರಿ. ಎರಡು ತುದಿಯ ಆರೇಳು ಗಂಟೆ ಎಲ್ಲಿಗೆ ಹೋದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ನಡುವಿನದ್ದು ಮಾತ್ರ ಬೆಳೆಯುತ್ತದೆ. ಬೆಂಗಳೂರಿನಿಂದ ದೆಹಲಿಗೆ ಆಕಾಶದಲ್ಲಿ ಸುಮಾರು 1,700 ಕಿಲೋಮೀಟರ್, ಟಿಕೆಟ್ಟಿನ ಪ್ರಕಾರ ಎರಡೂಮುಕ್ಕಾಲು ಗಂಟೆಯ ಹತ್ತಿರ. ರಾಜಧಾನಿ ರೈಲಿಗೂ ಒಂದೂವರೆ ದಿನದ ಹತ್ತಿರ ಬೇಕು. ಅಲ್ಲಿ ಯಾರು ಲೆಕ್ಕ ಹಾಕುತ್ತಾ ಕೂರುತ್ತಾರೆ?

ಮೊಮ್ಮಗಳಿಗೆ ನಾನು ಒಂದು ಗ್ಲೋಬ್ ತೆಗೆದುಕೊಟ್ಟಿದ್ದೇನೆ. ಅವಳ ಚಿಕ್ಕಪ್ಪ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇದ್ದಾನೆ. ಬೆಂಗಳೂರಿನಿಂದ ಅಲ್ಲಿಗೆ ಹೊಲಿಗೆಯ ನೂಲನ್ನು ಬಿಗಿಯಾಗಿ ಹಿಡಿ ಎಂದೆ. ನೂಲು ಸಮುದ್ರದ ಕಡೆಗೆ ಹೋಗಲೇ ಇಲ್ಲ, ಸೈಬೀರಿಯಾದ ಮೇಲೆ ಜಾರಿ ಧ್ರುವವೃತ್ತದ ಒಳಗೆ ಹೊಕ್ಕು ಆ ಕಡೆ ಇಳಿಯಿತು. “ಅಜ್ಜ, ನೂಲು ತಪ್ಪು ದಾರಿಯಲ್ಲಿ ಹೋಗ್ತಿದೆ” ಎಂದು ಮೂರು ಸಲ ಎಳೆದಳು. ಮೂರು ಸಲವೂ ಅಲ್ಲಿಗೇ ಹೋಯಿತು. ಸುಮಾರು 14,000 ಕಿಲೋಮೀಟರ್. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ವಿಮಾನ ತಂದರಲ್ಲ, ಅದಕ್ಕೆ ಹಿಡಿದದ್ದು ಸುಮಾರು 17 ಗಂಟೆ. ಅಷ್ಟು ದೊಡ್ಡ ಪ್ರಯಾಣದಲ್ಲಿ ಹೆಬ್ಬಾಳದ ಅರ್ಧ ಗಂಟೆ ಲೆಕ್ಕಕ್ಕೇ ಇಲ್ಲ. ನಮ್ಮ 306 ಕಿಲೋಮೀಟರಿನಲ್ಲಿ ಅದೇ ದೊಡ್ಡ ಲೆಕ್ಕ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ವಿಮಾನದ ಸುದ್ದಿ ಹಾಕುವಾಗ ಆ ಚೌಕವನ್ನು ಸ್ವಲ್ಪ ದೊಡ್ಡದು ಮಾಡಿ. ದೂರ 306 ಕಿ.ಮೀ., ಟಿಕೆಟ್ ಪ್ರಕಾರ ಒಂದು ಗಂಟೆ ಹತ್ತು ನಿಮಿಷ, ಮಂಗಳೂರಿನ ಹಂಪನಕಟ್ಟೆಯಿಂದ ಬೆಂಗಳೂರಿನ ಮೆಜೆಸ್ಟಿಕ್ಕಿಗೆ ಒಟ್ಟು ಇಷ್ಟು ಗಂಟೆ, ನಿಲ್ದಾಣದಿಂದ ಊರೊಳಗೆ ಹೋಗುವ ಬಸ್ಸು ಇಂಥದ್ದು ಎಂದು ಬರೆಯಿರಿ. ನಿಮ್ಮ ವರದಿಗಾರರನ್ನೇ ಒಂದು ದಿನ ಕೈಗಡಿಯಾರ ಕಟ್ಟಿಸಿ ಕಳಿಸಿದರೆ ಇನ್ನೂ ಒಳ್ಳೆಯದು. ಅವರಿಗೂ ಒಂದು ತಿರುಗಾಟ ಆಗುತ್ತದೆ. ಹಾಗೆಯೇ, ಬೆಂಗಳೂರಿನ ನಿಲ್ದಾಣದ ಬಾಗಿಲಿನಿಂದ ಮೈಸೂರಿಗೆ ಫ್ಲೈಬಸ್ ಓಡುವಂತೆ, ಬಜ್ಪೆಯ ಬಾಗಿಲಿನಿಂದ ಬೆಳ್ತಂಗಡಿ, ಪುತ್ತೂರು, ಕಾರ್ಕಳದ ಕಡೆಗೂ ವಿಮಾನದ ಸಮಯಕ್ಕೆ ಹೊಂದುವ ಬಸ್ಸು ಬೇಕು ಎಂದು ಯಾರಾದರೂ ಕೇಳಬೇಕು. ನನ್ನ ಕಾರಿನ ಬಾಡಿಗೆ ಎಷ್ಟಾಯಿತು ಎಂದು ಇಲ್ಲಿ ಬರೆಯುವುದಿಲ್ಲ. ಅಳಿಯ ಪೇಪರು ಓದುತ್ತಾನೆ ಎಂದು ಆಗಲೇ ಹೇಳಿದೆನಲ್ಲ.

ಪತ್ರ ಉದ್ದವಾಯಿತು, ಗೊತ್ತು. ಕತ್ತರಿಸುವುದಾದರೆ ಕೊಬ್ಬರಿಯ ಕಥೆ ತೆಗೆಯಿರಿ, ಪೈಥಾಗೊರಸ್ ಮಾತ್ರ ಬಿಡಬೇಡಿ. ಪಕ್ಕದ ತೋಟದವರ ತಾಯಿಗೆ ಮುಂದಿನ ತಿಂಗಳು ಮತ್ತೆ ಕಣ್ಣು ತೋರಿಸುವುದಿದೆ. ನಾವೂ ಅದೇ ದಿನ ಮೊಮ್ಮಗಳ ಹುಟ್ಟುಹಬ್ಬಕ್ಕೆ ಹೊರಟಿದ್ದೇವೆ. ಧರ್ಮಸ್ಥಳದ ರಾತ್ರಿ ಬಸ್ಸಿಗೆ ನಾಲ್ಕು ಸೀಟು ಮಾಡಿಸಿಯಾಗಿದೆ. ಮನೆಯವಳು ಈ ಸಲ ಆರು ಕೊಬ್ಬರಿ ತೆಗೆದಿಟ್ಟಿದ್ದಾಳೆ.

ಇತಿ ನಿಮ್ಮ ಓದುಗ,
ನಿವೃತ್ತ ಗಣಿತ ಮಾಷ್ಟ್ರು
ಬೆಳ್ತಂಗಡಿ ತಾಲೂಕು, ದಕ್ಷಿಣ ಕನ್ನಡ